ಹೊಲಿಗೆಗೆ ಬಿಟ್ಟ ಅರ್ಧ ಇಂಚು

“ನಿಧಾನ ಕಣಯ್ಯಾ, ನಿಧಾನ! ಹಿಂದೆ ನಾಯಿ ಅಟ್ಟಿಸ್ಕೊಂಡು ಬರ್ತಿದೆಯಾ ನಿನ್ನ?”

ಟೇಲರು ಬೈಯುತ್ತಿದ್ದದ್ದು ಫೋನಿಗೆ. ಮಧ್ಯಾಹ್ನದ ಊಟ ಮುಗಿದಿತ್ತು, ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಹೊಲಿಗೆ ಮೆಷಿನ್ನಿನ ಮೇಲೆ, ದಾರದ ಡಬ್ಬಿಗೆ ಒರಗಿಸಿ ನಿಲ್ಲಿಸಿದ ಫೋನಿನಲ್ಲಿ ಒಬ್ಬ ಗಡ್ಡದವನು ಪೆನ್ಸಿಲ್ ಹಿಡಿದು ಕೂತಿದ್ದ. ಒಂದು ಗೆರೆ ಎಳೆದ, ಇನ್ನೊಂದು ಎಳೆದ, ಮಣಿಕಟ್ಟನ್ನು ಹಾಗೆ ಹೀಗೆ ಆಡಿಸಿದ. ಅಷ್ಟರಲ್ಲಿ ಕಾಗದದ ಮೇಲೆ ಒಂದು ಲೋಟ ನಿಂತೇಬಿಟ್ಟಿತು. ಬರೀ ಲೋಟವಲ್ಲ, ಪಕ್ಕದಲ್ಲಿ ಅದರ ನೆರಳೂ ಬಿದ್ದಿತ್ತು. “ನೋಡಿದ್ರಾ, ಎಷ್ಟು ಸುಲಭ!” ಎಂದು ಗಡ್ಡದವನು ಹಲ್ಲು ಬಿಟ್ಟ.

ಟೇಲರು ತಮ್ಮ ಕಾಗದ ನೋಡಿಕೊಂಡರು. ಅಲ್ಲಿಯೂ ಏನೋ ಒಂದು ನಿಂತಿತ್ತು. ಬಸ್ಸಿನಲ್ಲಿ ಸೀಟು ಸಿಗದೆ ಕಂಬಕ್ಕೆ ಜೋತುಬಿದ್ದವರ ಹಾಗೆ ಒಂದು ಕಡೆ ವಾಲಿಕೊಂಡು ನಿಂತಿತ್ತು.

ಒಳಗಿನಿಂದ ಹೆಂಡತಿ ಕೂಗಿದಳು. “ಯಾರ್ರೀ ಬಂದಿರೋದು? ಟೀ ಇಡ್ಲಾ?”

“ಯಾರೂ ಇಲ್ಲ ಕಣೇ, ಮೇಷ್ಟ್ರು.”

“ಮೇಷ್ಟ್ರಿಗೆ ಹಾಗಾ ಬೈಯೋದು? ಅದಕ್ಕೇ ನೀವು ಶಾಲೆಯಲ್ಲಿ ಉದ್ಧಾರ ಆಗ್ಲಿಲ್ಲ.”

ಟೇಲರಿಗೆ ಅರವತ್ತು ದಾಟಿತ್ತು. ಊರಲ್ಲಿ ಅರ್ಧದಷ್ಟು ಜನರ ಸೊಂಟ ಎಷ್ಟು, ಭುಜ ಎಷ್ಟು ಎಂಬುದು ಅವರ ತಲೆಯಲ್ಲಿತ್ತು. ಹೀಗಿರುವಾಗ ಈ ವಯಸ್ಸಿನಲ್ಲಿ ಲೋಟ ಬಿಡಿಸಲು ಕೂತದ್ದು ಹುಚ್ಚಿಗಲ್ಲ, ಮೊಮ್ಮಗಳಿಗಾಗಿ.

ಮೊಮ್ಮಗಳನ್ನು ಟೇಲರು ಕರೆಯುತ್ತಿದ್ದದ್ದು ಬಟನ್ ಎಂದು. ಮುಖವೂ ಹಾಗೇ ಇತ್ತು, ದುಂಡಗೆ, ಮಧ್ಯದಲ್ಲಿ ಎರಡು ಕಪ್ಪು ಕಣ್ಣು. ನಾಲ್ಕು ತುಂಬುತ್ತಾ ಬಂದಿತ್ತು, ಇನ್ನೂ ಮಾತು ಬಂದಿರಲಿಲ್ಲ. ಕಿವಿ ಚುರುಕು, ಬುದ್ಧಿ ಅದಕ್ಕಿಂತ ಚುರುಕು; ಮಾತೊಂದು ಮಾತ್ರ ಯಾವುದೋ ಗಂಟು ಬಿಚ್ಚದೆ ಒಳಗೇ ಕೂತಿತ್ತು. ಅವಳ ಅಮ್ಮ, ಅಂದರೆ ಟೇಲರ ಮಗಳು, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಬಟನ್‌ಳನ್ನು ತಂದು ಬಿಟ್ಟು ಹೋದರೆ ಸಂಜೆ ಬಂದು ಕರೆದುಕೊಂಡು ಹೋಗುವುದು. ಮನೆಯ ಮುಂದಿನ ಕೋಣೆಯೇ ಅಂಗಡಿಯಾದ್ದರಿಂದ ಹಗಲೆಲ್ಲ ಹುಡುಗಿ ತಾತನ ಕಾಲಡಿಯಲ್ಲೇ ಬೆಳೆಯುತ್ತಿದ್ದಳು. ಕತ್ತರಿಸಿ ಉಳಿದ ಬಟ್ಟೆ ಚೂರುಗಳನ್ನು ತುಂಬುವ ದೊಡ್ಡ ರಟ್ಟಿನ ಪೆಟ್ಟಿಗೆಯೇ ಅವಳ ಆಟದ ಮನೆ. ಕೆಲವು ಸಲ ಗಿರಾಕಿಗಳು ಒಳಗೆ ಇಣುಕಿ, ಚಿಂದಿಯ ಮಧ್ಯೆ ಎರಡು ಕಣ್ಣು ಕಂಡು ಬೆಚ್ಚಿ ಬೀಳುವುದಿತ್ತು.

ಎಲ್ಲ ಸರಿಯಿತ್ತು. ಇತ್ತೀಚೆಗೆ ಒಂದೇ ಒಂದು ತಕರಾರು. ದಿನಕ್ಕೆರಡು ಸಲ, ಮೂರು ಸಲ, ಬಟನ್ ಪೆಟ್ಟಿಗೆಯಿಂದ ಇಳಿದು ಬರುತ್ತಿದ್ದಳು. ಕನ್ನಡಿಯ ಮುಂದೆ ಹಾಸಿದ ಚೌಕದ ಚಾಪೆಯ ಮೇಲೆ ನಿಲ್ಲುತ್ತಿದ್ದಳು. ತಾತನಿಗೆ ಬೆನ್ನು ತಿರುಗಿಸಿ, ಸೆಟೆದುಕೊಂಡು ನಿಲ್ಲುತ್ತಿದ್ದಳು. ಸ್ವಲ್ಪ ಹೊತ್ತು ಸುಮ್ಮನೆ, ಆಮೇಲೆ ಕಿಟಾರನೆ ಕಿರುಚಾಟ. ನೀರು ಕೊಟ್ಟರೆ ತಳ್ಳುತ್ತಾಳೆ, ಬಿಸ್ಕತ್ತು ಕೊಟ್ಟರೆ ಎಸೆಯುತ್ತಾಳೆ, ಎತ್ತಿಕೊಳ್ಳಲು ಹೋದರೆ ಮೀನಿನ ಹಾಗೆ ಜಾರಿಕೊಂಡು ಮತ್ತೆ ಅದೇ ಚಾಪೆಯ ಮೇಲೆ ಹೋಗಿ ಬೆನ್ನು ತೋರಿಸಿ ನಿಲ್ಲುತ್ತಾಳೆ. ಅಮ್ಮ ಕರೆದುಕೊಂಡು ಹೋಗಲು ಬಂದಾಗಲಂತೂ ಈ ರಂಪ ತಪ್ಪುತ್ತಿರಲಿಲ್ಲ.

“ನಿಮ್ ಮೇಲೆ ಏನೋ ಮುನಿಸು ಅವಳಿಗೆ,” ಎನ್ನುತ್ತಿದ್ದಳು ಹೆಂಡತಿ. “ಮುಖಾನೂ ತೋರಿಸಲ್ಲ ನೋಡಿ.”

ಟೇಲರಿಗೆ ಈ ಮಾತು ಸೂಜಿ ಚುಚ್ಚಿದ ಹಾಗಾಗುತ್ತಿತ್ತು. ಮುನಿಸಾದರೆ ಯಾಕೆ ಎಂದಾದರೂ ಗೊತ್ತಾಗಬೇಡವೇ?

ಮಗಳೂ ಇದನ್ನೆಲ್ಲ ನೋಡಿ ನೋಡಿ ಸೋತಿದ್ದಳು. ಒಂದು ಸಂಜೆ ಚಪ್ಪಲಿ ಹಾಕಿಕೊಳ್ಳುತ್ತಾ, ಅಪ್ಪನ ಮುಖ ನೋಡದೆ ಹೇಳಿದಳು. “ನಮ್ ಔಷಧಿ ಅಂಗಡಿ ಪಕ್ಕ ಒಂದು ಶಿಶುವಿಹಾರ ಇದೆ ಅಪ್ಪಾ. ಮುಂದಿನ ತಿಂಗಳಿಂದ ಅಲ್ಲಿಗೆ ಬಿಡೋಣ ಅಂತ. ಇಲ್ಲಿ ಅವಳಿಗೆ ಯಾಕೋ ಹಿಡಿಸ್ತಿಲ್ಲ ಅನ್ಸುತ್ತೆ.”

“ಅಲ್ಲಿ ಹಿಡಿಸುತ್ತೆ ಅಂತ ಅವಳು ಹೇಳಿದ್ಲಾ?”

“ಅಪ್ಪಾ... ಅವಳು ಏನಾದ್ರೂ ಹೇಳೋ ಹಾಗಿದ್ರೆ ಈ ಕಷ್ಟ ಯಾಕಿರ್ತಿತ್ತು?”

ಟೇಲರು ಮೆಷಿನ್ನಿಗೆ ಮರಳಿದರು. ಆ ಸಂಜೆ ಒಬ್ಬರ ಪ್ಯಾಂಟಿಗೆ ಇನ್ನೊಬ್ಬರ ಜೇಬು ಹೊಲಿದರು.

ಮಾತು ಕಲಿಸುವ ಡಾಕ್ಟರಮ್ಮ ಒಬ್ಬರಿದ್ದರು. ವಾರಕ್ಕೊಮ್ಮೆ ಬಟನ್‌ಳನ್ನು ಅವರ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಅವರು ಹೇಳಿದ್ದು ಸರಳ ಉಪಾಯ. ಮನೆಯಲ್ಲಿ ಮಗುವಿಗೆ ಬೇಕಾಗುವ ವಸ್ತುಗಳ ಚಿತ್ರದ ಕಾರ್ಡು ಮಾಡಿಡಿ. ನೀರು ಬೇಕಾದರೆ ಲೋಟದ ಚಿತ್ರ ತಂದು ಕೊಡಲಿ. ಬಾಯಲ್ಲಿ ಬಾರದ್ದು ಕೈಯಲ್ಲಿ ಬರುತ್ತದೆ, ಕೈಯಲ್ಲಿ ಬಂದದ್ದು ಒಂದು ದಿನ ಬಾಯಿಗೂ ಬರಬಹುದು. ಅಂಗಡಿಯಲ್ಲಿ ಸಿಗುವ ಕಾರ್ಡು ತಂದರು. ಅದರ ಲೋಟದಲ್ಲಿ ಬಣ್ಣದ ಕೊಳವೆ, ಮೇಲೊಂದು ಪುಟ್ಟ ಕಾಗದದ ಕೊಡೆ. ಬಟನ್ ಅಂಥ ಲೋಟ ಕಂಡವಳೇ ಅಲ್ಲ. ಮಗಳು ಫೋಟೋ ತೆಗೆದು ತಂದಳು. ಬಟನ್ ಲೋಟ ಬಿಟ್ಟು, ಫೋಟೋದ ಮೂಲೆಯಲ್ಲಿ ಕಂಡ ಗೋಡೆಯ ಸ್ವಿಚ್ಚನ್ನೇ ಒತ್ತುತ್ತಾ ಕೂತಳು.

“ಗೆರೆಯಲ್ಲಿ ಬಿಡಿಸಿದ್ದಾದ್ರೆ ಚೆನ್ನ,” ಎಂದರು ಡಾಕ್ಟರಮ್ಮ. “ಅವಳದೇ ಲೋಟ, ಅವಳದೇ ಚಪ್ಪಲಿ. ಹಿಂದೆ ಮುಂದೆ ಬೇರೇನೂ ಇರಬಾರದು. ಮನೇಲಿ ಯಾರಿಗಾದ್ರೂ ಚಿತ್ರ ಬರುತ್ತಾ?”

ಯಾರಿಗೂ ಬರುತ್ತಿರಲಿಲ್ಲ. ಆದರೂ ಟೇಲರ ಕೈ ತಾನಾಗಿ ಮೇಲೆದ್ದಿತು. “ನನಗೆ ಗೆರೆ ಎಳೆದು ಅಭ್ಯಾಸ ಇದೆ,” ಎಂದರು. ಸುಳ್ಳೇನಲ್ಲ. ಬಟ್ಟೆಯ ಮೇಲೆ ಚಾಕ್‌ಪೀಸಿನಲ್ಲಿ ಎಳೆದ ಗೆರೆಗಳನ್ನೆಲ್ಲ ಜೋಡಿಸಿದರೆ ಪಕ್ಕದೂರಿಗೆ ಹೋಗಿ ವಾಪಸ್ಸು ಬರಬಹುದಿತ್ತು.

ಹೀಗೆ ಗಡ್ಡದ ಮೇಷ್ಟ್ರು ಮನೆಗೆ ಬಂದರು. ಮಗಳೇ ಹುಡುಕಿ ಕೊಟ್ಟದ್ದು. “ಎಲ್ಲ ಮೊದಲಿಂದ ಹೇಳಿಕೊಡ್ತಾರೆ ಅಪ್ಪಾ. ಅರ್ಥ ಆಗದಿದ್ರೆ ಇಲ್ಲಿ ಒತ್ತು, ನಿಲ್ಲುತ್ತೆ. ಇಲ್ಲಿ ಒತ್ತಿದ್ರೆ ಹಿಂದಕ್ಕೆ ಹೋಗುತ್ತೆ.” ಟೇಲರು ಒತ್ತಿದ್ದೇ ಒತ್ತಿದ್ದು. ಫೋನಿನ ಗಾಜಿನ ಮೇಲೆ ಚಾಕ್‌ಪೀಸಿನ ಪುಡಿ ಕೂತು, ಮೇಷ್ಟ್ರ ಕಪ್ಪು ಗಡ್ಡ ಬೆಳ್ಳಗಾಯಿತು. ಮೇಷ್ಟ್ರು “ಅರ್ಥ ಆಯ್ತಾ?” ಎಂದರೆ ಟೇಲರು “ಆಯ್ತು ಸಾರ್” ಎನ್ನುತ್ತಿದ್ದರು. ಆಗದಿದ್ದರೆ ಬೈಯುತ್ತಿದ್ದರು. ಎರಡೂ ಒಂದೇ ಎಂಬಂತೆ ಮೇಷ್ಟ್ರು ನಗುತ್ತಿದ್ದರು.

ಮೊದಲ ಎಡವಟ್ಟು ಬೇಗನೆ ಆಯಿತು. ಟೇಲರು ಇಷ್ಟು ವರ್ಷ ಎಳೆದ ಗೆರೆಯೆಲ್ಲ ಇದ್ದದ್ದನ್ನು ಇದ್ದಷ್ಟೇ ಅಳತೆಗೆ ಎಳೆದದ್ದು. ಹದಿನೆಂಟು ಇಂಚಿನ ಭುಜಕ್ಕೆ ಹದಿನೆಂಟು ಇಂಚಿನ ಗೆರೆ. ಚಿಕ್ಕದಾಗಿ ಬಿಡಿಸುವುದೆಂದರೆ ಅವರ ಪಾಲಿಗೆ ಗಿರಾಕಿಗೆ ಮೋಸ ಮಾಡಿದ ಹಾಗೆ. ಬಟನ್‌ಳ ಲೋಟವನ್ನು ಟೇಪಿನಿಂದ ಅಳೆದು, ಕಂದು ಕಾಗದದ ಮೇಲೆ ಅಷ್ಟೇ ಎತ್ತರದ ಲೋಟ ಬಿಡಿಸಿದರು. ಚಪ್ಪಲಿಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಹೊಡೆದರು. ಆಟದ ಗಾಡಿಗೆ ಒಂದು ದೊಡ್ಡ ಹಾಳೆ ಬೇಕಾಯಿತು. ಬಾಗಿಲಿನ ಕಾರ್ಡು ಮಾಡಲೆಂದು ಕಾಗದದ ಸುರುಳಿಯನ್ನು ನೆಲದ ಮೇಲೆ ಉರುಳಿಸುತ್ತಿದ್ದಾಗ ಹೆಂಡತಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಇದೇನ್ರೀ?”

“ಬಾಗಿಲು. ಹೊರಗೆ ಹೋಗಬೇಕು ಅನ್ಸಿದಾಗ ತಂದು ಕೊಡೋಕೆ.”

“ಆ ಮಗು ಇದನ್ನ ಹೊತ್ಕೊಂಡು ಬರೋ ಹೊತ್ತಿಗೆ ಮದುವೆ ವಯಸ್ಸಾಗಿರುತ್ತೆ.”

ಎರಡನೆಯದು ಇನ್ನೂ ಕೆಟ್ಟದ್ದು. ‘ಅಜ್ಜಿ’ ಎಂದು ಒಂದು ಕಾರ್ಡು ಬೇಕಲ್ಲ? ಮೇಷ್ಟ್ರು ಹೇಳಿದ್ದರು, ಮನಸ್ಸಿನಿಂದ ಬಿಡಿಸಬೇಡಿ, ಎದುರಿಗೆ ಇಟ್ಟುಕೊಂಡು ನೋಡಿ ಬಿಡಿಸಿ ಎಂದು. ಟೇಲರು ಹೆಂಡತಿಯನ್ನು ಎದುರಿಗೆ ಇಟ್ಟುಕೊಂಡರು. ಆಕೆ ಹೊಸ ಸೀರೆಯುಟ್ಟು, ತಲೆ ಬಾಚಿ, ಫೋಟೋಗೆ ನಿಂತ ಹಾಗೆ ಮುಖ ಬಿಗಿದು ಕೂತಳು. ಮುಗಿದ ಮೇಲೆ ಎದ್ದು ಬಂದು ನೋಡಿದಳು.

“ಇದು ನಾನಾ, ದಿಂಬಾ?”

“ನೀನೇ ಕಣೇ. ಮೂಗು ನೋಡು, ಅದೇ ಮೂಗು.”

“ಮೂಗು ಹಾಳಾಗ್ಲಿ. ಇಷ್ಟು ದಪ್ಪ ಇದೀನಾ ನಾನು?”

ಟೇಲರು ಕಾಗದವನ್ನೂ ಹೆಂಡತಿಯನ್ನೂ ಎರಡೆರಡು ಸಲ ನೋಡಿದರು. ಆಗ ಹೊಳೆಯಿತು. ಗೆರೆ ಮೈಗೆ ಅಂಟಿಕೊಂಡಿರಲಿಲ್ಲ. ಸುತ್ತಲೂ ಒಂದೇ ಸಮ ಹೊರಗೆ ನಿಂತಿತ್ತು. “ಓಹ್... ಹೊಲಿಗೆಗೆ ಅಂತ ಅರ್ಧ ಇಂಚು ಬಿಟ್ಟಿದೀನಿ,” ಎಂದರು, ಬಹಳ ಸಹಜವಾಗಿ.

“ಹೊಲಿಗೆಗಾ? ನನ್ನನ್ನ ಎಲ್ಲಿ ಹೊಲೀತೀರಿ?”

“ಕೈ ಕೇಳಲ್ಲ ಕಣೇ. ಗೆರೆ ಎಳೆದ್ರೆ ಅರ್ಧ ಇಂಚು ತಾನಾಗೇ ಬಿಡುತ್ತೆ.”

ಆವತ್ತು ರಾತ್ರಿ ಟೇಲರಿಗೆ ಊಟ ಸಿಕ್ಕಿತು, ಆದರೆ ಬಡಿಸಿದ ತಟ್ಟೆ ಮೇಜಿಗೆ ತಾಗಿದ ಸದ್ದು ಪಕ್ಕದ ಮನೆಗೂ ಕೇಳಿತು.

ಡಾಕ್ಟರಮ್ಮ ಈ ಚಿತ್ರಗಳನ್ನೆಲ್ಲ ನೋಡಿ, ನಗು ತಡೆಯಲು ಒಮ್ಮೆ ಕೆಮ್ಮಿದರು. “ತಾತಾ, ಗೆರೆ ಸ್ಪಷ್ಟವಾಗಿದೆ, ಅದೇ ದೊಡ್ಡ ವಿಷಯ. ಆದ್ರೆ ಕಾರ್ಡು ಅವಳ ಅಂಗೈಯಲ್ಲಿ ಹಿಡಿಸ್ಬೇಕು. ಇನ್ನೊಂದು. ಅವಳಾಗಿ ತಂದು ಕೊಟ್ಟಾಗ ‘ಇದು ಬೇಕಾ, ಅದು ಬೇಕಾ’ ಅಂತ ಪರೀಕ್ಷೆ ಮಾಡ್ಬೇಡಿ. ಆ ಕ್ಷಣ ಕೈಯಲ್ಲಿರೋ ಕೆಲಸ ಬಿಟ್ಟು, ಕೇಳಿದ್ದನ್ನ ಕೊಟ್ಟುಬಿಡಿ. ಚಿತ್ರ ಕೊಟ್ರೆ ಕೆಲಸ ಆಗುತ್ತೆ ಅಂತ ಅವಳಿಗೆ ನಂಬಿಕೆ ಬರ್ಬೇಕು.”

ಟೇಲರು ಮತ್ತೆ ಕೂತರು. ಲೋಟ, ಬಿಸ್ಕತ್ತು, ಚಪ್ಪಲಿ, ಗಾಡಿ, ಬಾಗಿಲು ಎಲ್ಲವನ್ನೂ ಅಂಗೈಯಗಲದ ರಟ್ಟಿನ ಮೇಲೆ ಇಳಿಸಿದರು. ಕಾಲರಿನ ಒಳಗೆ ಕೊಡುವ ಗಟ್ಟಿ ಬಟ್ಟೆಯನ್ನು ಹಿಂದೆ ಅಂಟಿಸಿ, ಸುತ್ತ ಮೆಷಿನ್ ಹೊಲಿಗೆ ಹಾಕಿದರು, ಹರಿಯಬಾರದಲ್ಲ. ಲೋಟ ನಿಜಕ್ಕೂ ಲೋಟದ ಹಾಗೆ ನೆಟ್ಟಗೆ ನಿಂತಿತು. ಮೇಷ್ಟ್ರು “ಎಷ್ಟು ಸುಲಭ” ಎಂದಾಗ ಈಗ ಟೇಲರು ಬೈಯುತ್ತಿರಲಿಲ್ಲ, ಗೊಣಗುತ್ತಿದ್ದರು ಅಷ್ಟೆ.

ಬಟನ್ ಕಾರ್ಡುಗಳನ್ನು ಬಹಳ ಇಷ್ಟಪಟ್ಟಳು. ಒಂದರ ಮೇಲೊಂದು ಪೇರಿಸಿದಳು. ಸಾಲಾಗಿ ಜೋಡಿಸಿದಳು. ಹೊಲಿಗೆಯ ಅಂಚನ್ನು ಬೆರಳಿನಿಂದ ಸವರಿದಳು. ಕೊಟ್ಟಳೇ ಎಂದರೆ, ಒಂದನ್ನೂ ಯಾರಿಗೂ ಕೊಡಲಿಲ್ಲ. ಮತ್ತೆ ಚಾಪೆಯ ಮೇಲೆ ಹೋಗಿ ಬೆನ್ನು ತಿರುಗಿಸಿ ನಿಂತಳು, ಕಿರುಚಿದಳು.

“ಬಿಟ್ಬಿಡು ಅಪ್ಪಾ,” ಎಂದಳು ಮಗಳು. “ನೀನು ಕಷ್ಟ ಪಟ್ಟಿದ್ದು ಸಾಕು. ಶಿಶುವಿಹಾರದವರಿಗೆ ಹೇಳಿದೀನಿ, ಸೋಮವಾರದಿಂದ ಬರ್ತಾಳೆ ಅಂತ.”

ಆಗ ಗುರುವಾರ.

ಟೇಲರು ಆ ಸಂಜೆಯೆಲ್ಲ ಯೋಚಿಸಿದರು. ಯಾವುದೋ ಒಂದು ಕಾರ್ಡು ಬಿಟ್ಟುಹೋಗಿದೆ, ಅದಕ್ಕೇ ಅವಳು ಕೊಡುತ್ತಿಲ್ಲ. ಏನಿರಬಹುದು? ಎತ್ತಿಕೋ ಎನ್ನುವುದಿರಬಹುದೇ? ಎತ್ತಿಕೊಂಡರೆ ಜಾರುತ್ತಾಳೆ, ನಿಜ. ಆದರೆ ತಾನೇ ಕೇಳಿ ಎತ್ತಿಸಿಕೊಳ್ಳುವುದು ಬೇರೆ, ಕೇಳದೆ ಯಾರೋ ಬಂದು ಎತ್ತುವುದು ಬೇರೆ. ಎರಡು ಕೈ ಚಾಚಿ ನಿಂತವರ ಚಿತ್ರ ಒಂದು ಬೇಕು ಎಂದುಕೊಂಡರು.

ಶುಕ್ರವಾರ ಮಧ್ಯಾಹ್ನ ಮೇಷ್ಟ್ರನ್ನು ಹುಡುಕಿದರೆ, ಅದಕ್ಕೂ ಒಂದು ಪಾಠವಿತ್ತು. ನಮ್ಮ ಕಡೆಗೆ ಚಾಚಿದ ಕೈಯನ್ನು ಬಿಡಿಸುವುದು ಹೇಗೆ? “ಕೈ ಉದ್ದ ಅಂತ ನಿಮಗೆ ಗೊತ್ತು,” ಎಂದರು ಮೇಷ್ಟ್ರು. “ಆ ಗೊತ್ತಿರೋದನ್ನ ಮರೆತುಬಿಡಿ. ಕಣ್ಣಿಗೆ ಕಂಡಷ್ಟೇ ಬಿಡಿಸಿ. ಅಂಗೈ ದೊಡ್ಡದು, ತೋಳು ಗಿಡ್ಡ.”

ಟೇಲರು ಪಾಠ ನಿಲ್ಲಿಸಿದರು. ತೋಳು ಗಿಡ್ಡವೇ? ತೋಳು ಮುಂದಕ್ಕೆ ಚಾಚಿದರೂ ಅಷ್ಟೇ, ಪಕ್ಕಕ್ಕೆ ಚಾಚಿದರೂ ಅಷ್ಟೇ. ಚಾಚಿದಾಗ ಗಿಡ್ಡವಾಗುವ ತೋಳಿನ ಗಿರಾಕಿ ಇದುವರೆಗೆ ಅವರ ಅಂಗಡಿಗೆ ಬಂದಿರಲಿಲ್ಲ.

“ಬಾರೇ ಇಲ್ಲಿ, ಒಂದ್ನಿಮಿಷ ಕೈ ಚಾಚಿ ನಿಲ್ಲು.”

“ಒಲೆ ಮೇಲೆ ಹಾಲಿಟ್ಟಿದೀನಿ.”

“ಹಾಲು ಉಕ್ಕೋದ್ರೊಳಗೆ ಮುಗಿಸ್ತೀನಿ.”

ಹೆಂಡತಿ ಚಾಪೆಯ ಮೇಲೆ ಬಂದು, ಎರಡೂ ಕೈಯನ್ನು ಗಂಡನ ಕಡೆ ಚಾಚಿ ನಿಂತಳು. ಟೇಲರು ಎದ್ದು ಟೇಪು ಹಿಡಿದು ಆಕೆಯ ತೋಳು ಅಳೆದರು. ಇಪ್ಪತ್ತೊಂದು ಇಂಚು. ಟೇಪನ್ನು ಆಕೆಯ ಕುತ್ತಿಗೆಗೇ ಹಾಕಿ ಬಂದು ಕೂತರು. ಒಂದು ಕಣ್ಣು ಮುಚ್ಚಿ, ಮೇಷ್ಟ್ರು ಹೇಳಿದ ಹಾಗೆ ಪೆನ್ಸಿಲ್ ಮುಂದೆ ಹಿಡಿದು ನೋಡಿದರು. ತೋಳು ಕಾಣಿಸಲೇ ಇಲ್ಲ! ಎರಡು ಅಂಗೈ, ಅವುಗಳ ಹಿಂದೆ ಎರಡು ಭುಜ, ಮಧ್ಯೆ ಸಿಡುಕಿದ ಒಂದು ಮುಖ, ಅಷ್ಟೆ. ಹಲ್ಲು ಕಚ್ಚಿ, ಕಂಡಷ್ಟನ್ನೇ ಎಳೆದರು. ಕುತ್ತಿಗೆಯಿಂದ ಇಳಿಬಿದ್ದ ಟೇಪು ಮಾತ್ರ ಕೈಗೆ ಸಲೀಸಾಗಿ ಬಂತು. ಅದರ ಗೆರೆ, ಅಂಕಿ, ತುದಿಯ ತಗಡು, ಯಾವುದನ್ನೂ ಬಿಡದೆ ತಿದ್ದಿದರು.

“ರೀ, ಕೈ ನೋಯ್ತಿದೆ.”

“ಇನ್ನೊಂಚೂರು.”

“ರೀ, ಹಾಲು!”

ಹಾಲು ಉಕ್ಕಿಹೋಗಿತ್ತು. ಹೆಂಡತಿ ಒಳಗೆ ಓಡಿದಳು. ಅಲ್ಲಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಇತ್ತ ಟೇಲರು ಕಾಗದದ ಮೇಲಿನ ಭುಜಕ್ಕೂ ಅಂಗೈಗೂ ಇದ್ದ ಅಂತರ ನೋಡಿದರು. ಒಂದು ಇಂಚೂ ಇರಲಿಲ್ಲ. ಇಪ್ಪತ್ತೊಂದು ಇಂಚಿನ ತೋಳನ್ನು ಕೈಯಾರೆ ನುಂಗಿಹಾಕಿದ್ದರು. ಇಷ್ಟು ವರ್ಷ ಒಬ್ಬರ ತೋಳನ್ನೂ ಗಿಡ್ಡ ಮಾಡದವರು, ಹೋಗಿ ಹೋಗಿ ಹೆಂಡತಿಯ ತೋಳಿಗೆ ಕತ್ತರಿ ಹಾಕಿದಂತಾಯಿತು. ಸಾಲದ್ದಕ್ಕೆ ಸೊಂಟದ ಹತ್ತಿರ ಅದೇ ಹಾಳು ಅರ್ಧ ಇಂಚು. “ಇದು ನನ್ನಿಂದಾಗೋ ಕೆಲಸ ಅಲ್ಲ,” ಎಂದು ಕಾಗದವನ್ನು ಮುದ್ದೆ ಮಾಡಿ ಚಿಂದಿಯ ಪೆಟ್ಟಿಗೆಗೆ ಎಸೆದರು. ಪೆಟ್ಟಿಗೆಯೊಳಗೆ ಬಟನ್ ಮಲಗಿದ್ದಳು. ಮುದ್ದೆ ಅವಳ ಕಾಲ ಬಳಿ ಬಿತ್ತು.

ಷಟರ್ ಪೂರ್ತಿ ಎತ್ತುವ ಹೊತ್ತಿಗೆ ಬಸ್ ಡ್ರೈವರ್ ಬಂದ. ಹಳೆಯ ಗಿರಾಕಿ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಬಾಯಿ. ಹೊಸ ಯೂನಿಫಾರ್ಮಿಗೆ ಅಳತೆ ಕೊಡಬೇಕಿತ್ತು.

“ಏನ್ ಟೇಲರ್ರೇ, ಚಿತ್ರಕಾರ ಆಗ್ಬಿಟ್ರಂತೆ? ನಂದೊಂದು ಬಿಡಿಸಿ, ಬಸ್ಸಿನ ಹಿಂದೆ ಹಾಕಿಸ್ತೀನಿ.”

“ನಿಮ್ಮನ್ನ ಬಿಡಿಸೋಕೆ ಬಸ್ಸಿನ ಹಿಂಭಾಗ ಸಾಲಲ್ಲ, ಪಕ್ಕದಲ್ಲಿ ಬಿಡಿಸ್ಬೇಕು. ಬನ್ನಿ, ನಿಂತ್ಕೊಳ್ಳಿ.”

ಡ್ರೈವರ್ ಗಹಗಹಿಸಿ ನಗುತ್ತಾ ಚಾಪೆಯ ಮೇಲೆ ಕನ್ನಡಿಗೆ ಮುಖಮಾಡಿ ನಿಂತ. ಟೇಲರು ಬೆನ್ನಿನ ಕಡೆಯಿಂದ ಭುಜಕ್ಕೆ ಟೇಪು ಹಿಡಿದರು. ಹೆಂಡತಿ, ಇನ್ನೂ ಹಾಲಿನ ಸಿಟ್ಟಿನಲ್ಲೇ, ಅಳತೆ ಬರೆದುಕೊಳ್ಳಲು ಪೆನ್ನು ತಂದು ನಿಂತಳು. ಭುಜ ಆಯಿತು. ತೋಳು ಆಯಿತು. ಸೊಂಟಕ್ಕೆ ಟೇಪು ಸುತ್ತುವಷ್ಟರಲ್ಲಿ ಯಾರೋ ಟೇಲರ ಅಂಗಿ ಜಗ್ಗಿದರು.

ಬಟನ್. ತಲೆಯ ಮೇಲೊಂದು ನೀಲಿ ಚಿಂದಿ, ಕೈಯಲ್ಲಿ ಆ ಮುದ್ದೆ ಕಾಗದ. ಬಿಡಿಸಿ, ಅಂಗೈಯಿಂದ ಒತ್ತಿ ಒತ್ತಿ ನೆಟ್ಟಗೆ ಮಾಡಿದ್ದಳು. ಅದನ್ನು ತಾತನ ಕೈಗೆ ತುರುಕಿದಳು.

ಕೊಟ್ಟಳು! ಯಾರೂ ಹೇಳದೆ, ತಾನಾಗಿ ಕೊಟ್ಟಳು. ಡಾಕ್ಟರಮ್ಮನ ಮಾತು ನೆನಪಾಯಿತು. ಪ್ರಶ್ನೆ ಕೇಳಬಾರದು, ಕೈಯಲ್ಲಿರುವ ಕೆಲಸ ಬಿಡಬೇಕು. ಟೇಪು ಬಿಟ್ಟರು. ಅದು ಡ್ರೈವರನ ಹೊಟ್ಟೆಯ ಮೇಲಿಂದ ಜಾರಿ ನೆಲಕ್ಕೆ ಬಿತ್ತು.

“ಲೇ, ನಿನ್ನನ್ನೇ ಕೇಳ್ತಿದಾಳೆ ಕಣೇ! ಅಜ್ಜಿ ಬೇಕಂತೆ! ಎತ್ಕೋ!”

ಹೆಂಡತಿ ಪೆನ್ನು ಎಸೆದು ಬಂದು ಮೊಮ್ಮಗಳನ್ನು ಬಾಚಿಕೊಂಡಳು. ಮೊಮ್ಮಗಳು ಮೀನಾದಳು. ಜಾರಿ ಇಳಿದು, ಡ್ರೈವರನ ಕಾಲನ್ನು ಎರಡೂ ಕೈಯಿಂದ ತಳ್ಳಿದಳು. ಅಷ್ಟು ದೊಡ್ಡ ಮನುಷ್ಯ ಗಾಬರಿಯಿಂದ ಚಾಪೆ ಬಿಟ್ಟು ಪಕ್ಕಕ್ಕೆ ಸರಿದ. ಬಟನ್ ಆ ಜಾಗದಲ್ಲಿ ನಿಂತಳು. ಕನ್ನಡಿಗೆ ಮುಖ, ತಾತನಿಗೆ ಬೆನ್ನು. ಸೆಟೆದುಕೊಂಡು.

“ಶುರುವಾಯ್ತು,” ಎಂದಳು ಹೆಂಡತಿ, ಕಿವಿ ಮುಚ್ಚಿಕೊಳ್ಳಲು ಸಿದ್ಧಳಾಗಿ.

ಟೇಲರು ಕೈಯಲ್ಲಿದ್ದ ಕಾಗದ ನೋಡಿದರು. ಗಿಡ್ಡ ತೋಳಿನ, ದಪ್ಪ ಸೊಂಟದ ಅಜ್ಜಿ ಚಾಪೆಯ ಮೇಲೆ ನಿಂತಿದ್ದಾಳೆ. ಕುತ್ತಿಗೆಯಲ್ಲಿ ಟೇಪು. ಆಮೇಲೆ ಎದುರಿಗಿದ್ದ ಪುಟ್ಟ ಬೆನ್ನನ್ನು ನೋಡಿದರು. ಭುಜ ಹಿಂದಕ್ಕೆ, ಕೈ ಮೈಯಿಂದ ತುಸು ದೂರ, ಗಲ್ಲ ಮೇಲೆ. ಈಗಷ್ಟೇ ಡ್ರೈವರ್ ನಿಂತಿದ್ದದ್ದೂ ಹೀಗೇ. ಅವನ ಹಿಂದಿನವನು, ಅವನ ಹಿಂದಿನವನು, ಈ ಅಂಗಡಿಗೆ ಕಾಲಿಟ್ಟ ಪ್ರತಿಯೊಬ್ಬರೂ ನಿಂತದ್ದು ಹೀಗೇ. ಬದುಕಿಡೀ ಬೆನ್ನು ತೋರಿಸಿ ನಿಂತವರನ್ನೇ ನೋಡಿಕೊಂಡು ಬಂದ ತನಗೆ, ಈ ಒಂದು ಬೆನ್ನು ಮಾತ್ರ ಮುನಿಸಿನ ಹಾಗೆ ಕಂಡಿತಲ್ಲ!

ಅವಳ ಅಳತೆಯನ್ನು ಅವರು ಎಂದೂ ತೆಗೆದಿರಲಿಲ್ಲ. ತೀರ ಚಿಕ್ಕವಳಿದ್ದಾಗ ಒಮ್ಮೆ ಟೇಪು ಹಿಡಿಯಲು ಹೋಗಿದ್ದರು, ಅಷ್ಟೆ. ಟೇಪಿನ ತುದಿಯ ತಗಡು ಕುತ್ತಿಗೆಗೆ ತಣ್ಣಗೆ ತಾಗಿ ಅವಳು ಅತ್ತ ಅಳುವಿಗೆ ಹೆದರಿ, ಆಮೇಲೆ ಅವಳ ಫ್ರಾಕುಗಳನ್ನೆಲ್ಲ ಕಣ್ಣಂದಾಜಿನಲ್ಲೇ ಹೊಲಿದಿದ್ದರು. ಬಂದವರಿಗೆಲ್ಲ ತಾತ ಟೇಪು ಹಿಡಿಯುತ್ತಾನೆ, ತೋಳು ಎತ್ತಿಸುತ್ತಾನೆ, ಗಟ್ಟಿಯಾಗಿ ಅಂಕಿ ಹೇಳುತ್ತಾನೆ, ಅಜ್ಜಿ ಬರೆದುಕೊಳ್ಳುತ್ತಾಳೆ. ಇವಳೊಬ್ಬಳಿಗೆ ಮಾತ್ರ ಇಲ್ಲ. ಎಷ್ಟು ಸಲ ಬಂದು ಸಾಲಿನಲ್ಲಿ ನಿಂತರೂ ಇಲ್ಲ. ಬಿಸ್ಕತ್ತು ಕೊಡುತ್ತಾರೆ!

ಟೇಲರು ಬಗ್ಗಿ ಟೇಪು ಎತ್ತಿಕೊಂಡರು. ತುದಿಯ ತಗಡನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿದರು. ಮಂಡಿಯೂರಿ ಕೂತು, ಆ ಪುಟ್ಟ ಭುಜದ ಈ ತುದಿಯಿಂದ ಆ ತುದಿಗೆ ಟೇಪು ಹಿಡಿದರು.

ಕಿರುಚಾಟ ಬರಲಿಲ್ಲ.

“ಬರ್ಕೊಳೇ,” ಎಂದರು. “ಭುಜ, ಹತ್ತೂಕಾಲು.”

“ಏನ್ರೀ ಇದು...”

“ಪ್ರಶ್ನೆ ಕೇಳ್ಬೇಡ. ಬರ್ಕೋ ಅಂದೆ.”

“ಹತ್ತೂಕಾಲು,” ಎಂದಳು ಹೆಂಡತಿ, ಪೆನ್ನು ಹುಡುಕುತ್ತಾ.

ಬಟನ್ ತೋಳು ಎತ್ತಿದಳು. ಹೇಳುವ ಮೊದಲೇ ಎತ್ತಿದಳು. ಒಂದಾದ ಮೇಲೆ ಇನ್ನೊಂದು. ಎದೆಗೆ ಟೇಪು ಸುತ್ತುವಾಗ ಎರಡೂ ಕೈ ಪಕ್ಕಕ್ಕೆ ಅಗಲಿಸಿದಳು. ಕುತ್ತಿಗೆಯ ಸರದಿ ಬಂದಾಗ ಗಲ್ಲವನ್ನು ಇನ್ನೂ ಮೇಲಕ್ಕೆತ್ತಿ, ಕನ್ನಡಿಯಲ್ಲಿ ತಾತನನ್ನೇ ನೋಡಿದಳು. ದೊಡ್ಡ ಸಾಹೇಬರೊಬ್ಬರು ಸೂಟು ಹೊಲಿಸಲು ಬಂದ ಗತ್ತು ಆ ಮುಖದಲ್ಲಿತ್ತು. ಬೆನ್ನು ತಿರುಗಿಸಿ ನಿಂತವಳು ಇಷ್ಟು ದಿನವೂ ಕನ್ನಡಿಯೊಳಗಿಂದ ತನ್ನನ್ನೇ ನೋಡುತ್ತಿದ್ದಳು ಎಂಬುದು ಟೇಲರಿಗೆ ಗೊತ್ತಾದದ್ದು ಆಗಲೇ.

ಎಲ್ಲ ಮುಗಿಯಿತು. ಬಟನ್ ತಿರುಗಿ, ತಾತನ ಕೈಯಿಂದ ಕಾಗದ ಕಸಿದುಕೊಂಡಳು. ಮತ್ತೆ ಅದನ್ನೇ ತಾತನ ಕೈಗೆ ತುರುಕಿದಳು. ಮತ್ತೆ ಬೆನ್ನು ತಿರುಗಿಸಿ ನಿಂತಳು.

“ಭುಜ, ಹತ್ತೂಕಾಲು,” ಎಂದರು ಟೇಲರು.

“ಟೇಲರ್ರೇ,” ಎಂದ ಡ್ರೈವರ್, ಗೋಡೆಗೆ ಒರಗಿಕೊಂಡು, “ನನ್ ಬಸ್ಸು ಹೊರಡೋ ಹೊತ್ತಾಯ್ತು.”

“ಸ್ವಲ್ಪ ಕಾಯ್ಬೇಕು ಸಾರ್. ನಿಮ್ಮ ಮುಂದೆ ಒಬ್ರು ಗಿರಾಕಿ ಇದಾರೆ.”

ಡ್ರೈವರ್ ಕಾದ. ಆ ಸಂಜೆ ಬಸ್ಸು ತಡವಾಗಿ ಹೊರಟದ್ದಕ್ಕೆ ಪ್ರಯಾಣಿಕರಿಗೆ ಅವನು ಏನು ಕಾರಣ ಹೇಳಿದನೋ ಗೊತ್ತಿಲ್ಲ.

ಸಂಜೆ ಮಗಳು ಬಂದಳು, ರಂಪಕ್ಕೆ ಮೈ ಗಟ್ಟಿಮಾಡಿಕೊಂಡೇ ಬಂದಳು. ಬಟನ್ ಅಮ್ಮನನ್ನು ನೋಡಿ, ಪೆಟ್ಟಿಗೆಯಿಂದ ಕಾಗದ ತಂದಳು, ತಾತನಿಗೆ ಕೊಟ್ಟಳು, ಚಾಪೆ ಹತ್ತಿದಳು. ಟೇಲರು ಮೆಷಿನ್ ನಿಲ್ಲಿಸಿ ಎದ್ದರು. ಮಗಳು ಹೆಗಲಿನ ಚೀಲವನ್ನೂ ಇಳಿಸದೆ ಬಾಗಿಲಲ್ಲೇ ನಿಂತು ನೋಡಿದಳು. ಭುಜ, ತೋಳು, ಎದೆ, ಕುತ್ತಿಗೆ. ಮುಗಿದ ಮೇಲೆ ಬಟನ್ ತಾನಾಗಿ ಹೋಗಿ ಚಪ್ಪಲಿ ಹಾಕಿಕೊಂಡಳು.

“ಇಷ್ಟೇನಾ?” ಎಂದಳು ಮಗಳು. ನಗಬೇಕೋ ಅಳಬೇಕೋ ತಿಳಿಯದ ದನಿ. “ಇಷ್ಟಕ್ಕೇನಾ ಇಷ್ಟು ದಿನ...”

“ಇಷ್ಟೇ ಅಂತ ನಮಗೆ. ಅವಳಿಗೆ ಎಷ್ಟೋ.”

ಮಗಳು ಬಟನ್‌ಳ ಕೈ ಹಿಡಿದಳು. ಮೆಟ್ಟಿಲು ಇಳಿದವಳು ತಿರುಗಿ ನೋಡಿದಳು. “ಅಪ್ಪಾ, ಸೋಮವಾರ ಷಟರ್ ಎಷ್ಟೊತ್ತಿಗೆ ಎತ್ತೀಯ? ಸ್ವಲ್ಪ ಬೇಗ ಬಂದು ಬಿಡ್ಬೇಕು ಇವಳನ್ನ.”

“ನೀನು ಬಂದಾಗ ಎತ್ತಿರ್ತೀನಿ,” ಎಂದರು ಟೇಲರು.

ಆ ಮುದ್ದೆ ಕಾಗದ ಎಷ್ಟು ದಿನ ಬಂದೀತು? ಮರುದಿನವೇ ಟೇಲರು ಒಳ್ಳೆಯ ರಟ್ಟು ತೆಗೆದುಕೊಂಡು, ‘ಅಳತೆ’ ಎಂಬ ಕಾರ್ಡು ಮಾಡಲು ಕೂತರು. ಹೆಂಡತಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು, ಒಂದೊಂದು ಗೆರೆಗೂ ಕಾವಲು ಕಾದಳು. ಈ ಸಲದ ಅಜ್ಜಿಯ ತೋಳು ಪಕ್ಕಕ್ಕೆ ಚಾಚಿ ಅಳತೆಗೆ ಸರಿಯಾಗಿತ್ತು. ಸೊಂಟ ಸಣ್ಣಗಿತ್ತು. ಅರ್ಧ ಇಂಚಿನ ಸುಳಿವೇ ಇರಲಿಲ್ಲ. ಸುತ್ತ ಎರಡು ಸಾಲು ಹೊಲಿಗೆ. ಮೇಷ್ಟ್ರು ನೋಡಿದ್ದರೂ ಭೇಷ್ ಎನ್ನಬೇಕು, ಹಾಗಿತ್ತು.

ಬಟನ್ ಆ ಕಾರ್ಡನ್ನು ಕೈಗೆ ತೆಗೆದುಕೊಂಡಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅಜ್ಜಿಯ ಕಡೆ ಒಮ್ಮೆ ನೋಡಿದಳು. ಕಾರ್ಡನ್ನು ಜೋಪಾನವಾಗಿ ಲೋಟ, ಚಪ್ಪಲಿಗಳ ಸಾಲಿನಲ್ಲಿ ಇಟ್ಟು, ಚಿಂದಿಯ ಪೆಟ್ಟಿಗೆಗೆ ಬಗ್ಗಿ, ಆ ಸುಕ್ಕುಗಟ್ಟಿದ ಕಾಗದವನ್ನೇ ಎಳೆದು ತಂದು ತಾತನಿಗೆ ಕೊಟ್ಟಳು.

ಟೇಲರು ಹೆಂಡತಿಯ ಕಡೆ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ.

“ನಗ್ರೀ ಪರವಾಗಿಲ್ಲ,” ಎಂದಳು ಹೆಂಡತಿ. ಮೊದಲು ನಕ್ಕದ್ದೂ ಆಕೆಯೇ. “ಅಜ್ಜಿ ಯಾವ ಅಳತೆ ಅಂತ ಅವಳಿಗೆ ಗೊತ್ತಿದೆ. ಹೂಂ, ಹೇಳಿ, ಬರ್ಕೊಳ್ತೀನಿ.”